ಪದಚರ್ಚೆ: ಗೇಮಿನ 'ಬ್ಯಾಕ್‌ಡ್ರಾಪ್' ಹಿನ್ನೆಲೆಯೇ, ಪರದೆಯೇ?

ಪ್ರಶ್ನೆ (ಮಂಗಳೂರಿನಿಂದ)

ಮಾನ್ಯರೇ, ನೆಲಮಾಳಿಗೆಗಳಲ್ಲಿ ಅಲೆದು ಕಾದಾಡುವ ಗೇಮುಗಳಿಗೆ 'ಮಾಡ್' (ಆಟಗಾರರೇ ಮಾಡಿಕೊಳ್ಳುವ ಮಾರ್ಪಾಡು) ತಯಾರಿಸುವವರ ಕೈಪಿಡಿಯೊಂದನ್ನು ಕನ್ನಡಿಸುತ್ತಿದ್ದೇನೆ. ನಾಳೆ ಸಂಜೆಯೊಳಗೆ ಒಪ್ಪಿಸಬೇಕು. ಮೂಲದಲ್ಲಿ 'ಬ್ಯಾಕ್‌ಗ್ರೌಂಡ್', 'ಬ್ಯಾಕ್‌ಡ್ರಾಪ್' ಎಂಬ ಎರಡು ಪದಗಳಿವೆ. ಎರಡಕ್ಕೂ 'ಹಿನ್ನೆಲೆ' ಎಂದು ಬರೆದರೆ ಯಾವ ಚಿತ್ರಕಡತವನ್ನು ಬದಲಿಸಬೇಕೆಂದು ಓದುಗರಿಗೆ ತಿಳಿಯುವುದಿಲ್ಲ. ಎರಡನೆಯದಕ್ಕೆ 'ಪರದೆ' ಆದೀತೇ?

ಉತ್ತರ

'ಪರದೆ' ಪಾರಸಿಯದು, ಬೇಡ. 'ಮುಂದಲೆ'ಯಲ್ಲಿ ತಕಾರಕ್ಕೆ ದಕಾರ ಬಂದಂತೆ, ಹಿಂದಿನ ತೆರೆಯನ್ನು 'ಹಿಂದೆರೆ' ಎನ್ನಿ. ಅಚ್ಚಗನ್ನಡವಿರುವಾಗ ಎರವಲಿನ ಮಾತೇಕೆ? ಇದರಲ್ಲಿ ಚರ್ಚಿಸುವಂಥದ್ದೇನೂ ಇಲ್ಲ.

ಉತ್ತರ (ಉಡುಪಿಯಿಂದ)

ಸಂಧಿ ಸರಿ, ಅರ್ಥ ತಪ್ಪು. ಯಕ್ಷಗಾನದ ಒಡ್ಡೋಲಗದಲ್ಲಿ, ಎಂದರೆ ವೇಷ ಮೊದಲು ರಂಗಕ್ಕೆ ಬರುವಾಗ, ಇಬ್ಬರು ಹಿಡಿದು ನಿಲ್ಲುವ ತೆರೆ ವೇಷದ ಮುಂದಿರುತ್ತದೆ, ಮತ್ತು ಅದರ ಕೆಲಸ ಮರೆಮಾಡುವುದು. ಗೇಮಿನ ಚಿತ್ರ ಯಾವುದನ್ನೂ ಮರೆಮಾಡುವುದಿಲ್ಲ, ಜಾಗವನ್ನು ಕಟ್ಟುತ್ತದೆ. ಆ ಕಟ್ಟುವ ಬಗೆಯೂ ಗೇಮಿನಿಂದ ಗೇಮಿಗೆ ಬೇರೆ.

2016ರ ಡಾರ್ಕೆಸ್ಟ್ ಡಂಜನ್‌ನಲ್ಲಿ ಓಣಿಯನ್ನು ಪಕ್ಕದಿಂದ ನೋಡುತ್ತೇವೆ. ದೂರದ ನೋಟ, ನಡುವಿನ ನೋಟ, ಹತ್ತಿರದ ಗೋಡೆ ಇವು ಬೇರೆ ಬೇರೆ ಪಿಎನ್‌ಜಿ ಚಿತ್ರಕಡತಗಳು. ಪದರಪದರವಾದ ಇಂಥ ದೃಶ್ಯದಲ್ಲಿ ಹತ್ತಿರದ್ದು ಬೇಗನೆ, ದೂರದ್ದು ನಿಧಾನವಾಗಿ ಸರಿದಾಗ ಆಳದ ಭಾವನೆ ಹುಟ್ಟುತ್ತದೆ. ಮುಂದಿನ ಪದರದಲ್ಲಿ ಪಾರದರ್ಶಕ ಭಾಗವನ್ನು ಬಿಡದಿದ್ದರೆ ಹಿಂದಿನದು ಕಾಣಿಸುವುದೇ ಇಲ್ಲ. 'ಹಿನ್ನೆಲೆ' ಇಲ್ಲಿ ಕಟ್ಟಕಡೆಯ ಪದರಕ್ಕೆ ಮಾತ್ರ ಸಲ್ಲುತ್ತದೆ.

2014ರ ಬೈಂಡಿಂಗ್ ಆಫ್ ಐಸಾಕ್ ರೀಬರ್ತ್‌ನಲ್ಲಿ ಕೋಣೆಯನ್ನು ಮೇಲಿನಿಂದ ನೋಡುತ್ತೇವೆ. ಸಾಮಾನ್ಯ ಕೋಣೆಗೆ 13 × 7 ಚೌಕಗಳು. ಬ್ಯಾಕ್‌ಡ್ರಾಪ್ ಎಂದರೆ ಅವುಗಳ ಅಡಿಯ ನೆಲ ಮತ್ತು ಸುತ್ತಲಿನ ಗೋಡೆ. ಗೋಡೆಯ ಕಾಲುಭಾಗವನ್ನಷ್ಟೇ ಬರೆದುಕೊಟ್ಟರೆ ಗೇಮ್ ಅದನ್ನೇ ಮಗುಚಿ ಉಳಿದ ಮೂರು ಮೂಲೆಗಳನ್ನು ತುಂಬಿಕೊಳ್ಳುತ್ತದೆ. ಗೋಡೆಯಲ್ಲಿ ಕನ್ನಡ ಶಾಸನವನ್ನು ಕೆತ್ತಬೇಕೆಂಬ ಆಸೆಯುಳ್ಳವರಿಗೆ ಕೈಪಿಡಿ ಇದನ್ನು ಮೊದಲೇ ಹೇಳಲಿ: ಒಂದು ಮೂಲೆಯಲ್ಲಿ ನೆಟ್ಟಗಿರುವ ಅಕ್ಷರ ಪಕ್ಕದ ಮೂಲೆಯಲ್ಲಿ ಕನ್ನಡಿಯೊಳಗಿನಂತೆ ತಿರುಗಿರುತ್ತದೆ, ಕೆಳಗಿನ ಮೂಲೆಗಳಲ್ಲಿ ತಲೆಕೆಳಗಾಗುತ್ತದೆ.

ಇಂಥ ಕೋಣೆಯಲ್ಲಿ ಯಾವುದೂ ಯಾವುದರ ಹಿಂದೆಯೂ ಇಲ್ಲ. ಯಕ್ಷಗಾನದಲ್ಲಿ ಹಾಡುವ ಭಾಗವತರು ನಿಜವಾಗಿಯೂ ಹಿಂದೆ ಕುಳಿತಿರುವುದರಿಂದ 'ಹಿಮ್ಮೇಳ' ಎಂಬ ಪದ ನಿಂತಿದೆ. 'ಹಿಂದೆರೆ'ಗೆ ಅಂಥ ಆಸರೆಯಿಲ್ಲ. ನನ್ನ ಆಯ್ಕೆ 'ಪಾಗಾರ'. ಮನೆಯ ಸುತ್ತಲಿನ ಗೋಡೆಗೆ ನಮ್ಮಲ್ಲಿ ಎಲ್ಲರೂ ಆಡುವ ಮಾತದು.

ಮರುನುಡಿ

'ಪಾಗಾರ' ಸಂಸ್ಕೃತದ 'ಪ್ರಾಕಾರ'. ಒಂದು ಎರವಲನ್ನು ಬಿಡಿಸಿ ಇನ್ನೊಂದನ್ನು ಕಟ್ಟುತ್ತಿದ್ದೀರಿ.

ಮರುನುಡಿ (ಉಡುಪಿಯಿಂದ)

ಪ್ರಾಕೃತದ ಬಾಯಲ್ಲಿ ಸವೆದು ನಮ್ಮಲ್ಲಿಗೆ ಬಂದ ಪದ ಅದು. ಪೋರ್ಚುಗೀಸರ 'ಚಾವಿ'ಯನ್ನು ಕರಾವಳಿಯ ಯಾವ ಮನೆಯೂ ಹೊರಗಿನದೆಂದು ಎಣಿಸುವುದಿಲ್ಲ. ಪದದ ಹುಟ್ಟೂರನ್ನು ಕೇಳುವ ಮೊದಲು ಅದು ಚಿತ್ರದ ಕೆಲಸವನ್ನು ಹೇಳುತ್ತದೆಯೇ ಎಂದು ಕೇಳಬೇಕೆಂಬುದು ನನ್ನ ನಿಲುವು.

ಪ್ರಶ್ನೆ ಕೇಳಿದವರಿಂದ

'ಪಾಗಾರ' ನನಗೂ ಪ್ರಿಯವಾದ ಪದ. ಆದರೆ ಕೈಪಿಡಿಯನ್ನು ಘಟ್ಟದ ಮೇಲಿನವರೂ ಓದುತ್ತಾರೆ. ಆದ್ದರಿಂದ ಐಸಾಕ್‌ನ ಅಧ್ಯಾಯದಲ್ಲಿ 'ಸುತ್ತುಗೋಡೆ' ಮತ್ತು 'ನೆಲ' ಎಂದು ಎರಡಾಗಿ ಬರೆದು, 'ಹಿನ್ನೆಲೆ'ಯನ್ನು ಓಣಿಯ ದೂರದ ಪದರಕ್ಕೆ ಮೀಸಲಿಟ್ಟಿದ್ದೇನೆ. ಉಳಿದೆರಡು ಪದರಗಳು 'ನಡುಪದರ', 'ಗೋಡೆಪದರ'.