ಕ್ರೊಯೇಷಿಯನ್ ಕಲೀತಿರೋರು ಯಾರಾದ್ರೂ ಇದೀರಾ? ಆಯೋರಿಸ್ಟ್, ಇಂಪರ್ಫೆಕ್ಟ್, ಫುತುರ್ ದ್ರುಗಿ ತಲೆಗೇ ಹತ್ತಿಲ್ಲ

ಮಳೆಹನಿ:
ಎಲ್ರಿಗೂ ನಮಸ್ಕಾರ. ಕ್ರೊಯೇಷಿಯಾ ರಾಜಧಾನಿ ಜಾಗ್ರೆಬ್‌ಗೆ ಬಂದು ಎರಡು ವರ್ಷ ಆಯ್ತು, ಭಾಷಾ ಕೋರ್ಸಲ್ಲಿ ಬಿ ಒನ್ ಹಂತ ಮುಗಿಸಿ ಈಗ ಬಿ ಟೂ ಕ್ಲಾಸಲ್ಲಿ ಕೂತಿದೀನಿ. ಇಲ್ಲೀತನಕ ಪ್ರೆಸೆಂಟು, ಪರ್ಫೆಕ್ಟು, ಮಾಮೂಲಿ ಫ್ಯೂಚರ್ ಇಷ್ಟ್ರಲ್ಲೇ ಗಾಡಿ ಓಡ್ತಿತ್ತು, "ದೊಶ್ಲಾ ಸಮ್" ಅಂದ್ರೆ ಬಂದೆ, "ದೊಚಿ ಚು" ಅಂದ್ರೆ ಬರ್ತೀನಿ, ಮುಗೀತು. ಈಗ ಒಂದೇ ತಿಂಗಳಲ್ಲಿ ಆಯೋರಿಸ್ಟ್ (ಆಗಿಹೋಯ್ತು ಅನ್ನೋ ಹಿಂದಿನ ಕಾಲ), ಇಂಪರ್ಫೆಕ್ಟ್ (ಆಗ್ತಿತ್ತು ಅನ್ನೋದು), ಪ್ಲುಸ್ಕ್ವಾಮ್‌ಪರ್ಫೆಕ್ಟ್ (ಅದಕ್ಕೂ ಮೊದ್ಲೇ ಆಗಿತ್ತು ಅನ್ನೋದು), ಫುತುರ್ ದ್ರುಗಿ (ಎರಡನೇ ಫ್ಯೂಚರ್), ಕಂಡೀಷನಲ್ ಟೂ (ಆಗಿರ್ತಿತ್ತು ಅನ್ನೋದು) ಎಲ್ಲಾ ಒಟ್ಟಿಗೆ ತಂದು ಸುರಿದವ್ರೆ.

ಮೊನ್ನೆ ಏನಾಯ್ತು ಅಂದ್ರೆ ಜೊತೆಗೆ ಕೆಲ್ಸ ಮಾಡೋ ಹುಡುಗ ಮೆಸೇಜ್ ಹಾಕ್ದ, "ಸ್ತಿಗೊಹ್. ಚೆಕಾಮ್ ದೊಲ್ಯೆ." ಎರಡನೇದು ಗೊತ್ತಾಯ್ತು, ಕೆಳಗೆ ಕಾಯ್ತಿದೀನಿ ಅಂತ. ಈ ಸ್ತಿಗೊಹ್ ಏನು? ಫೋನಲ್ಲಿರೋ ಡಿಕ್ಷನರಿಲಿ ಇಲ್ಲ. ಯಾವ್ದೋ ಕೆಫೆ ಹೆಸರಿರ್ಬೇಕು ಅನ್ಕೊಂಡು ಮ್ಯಾಪಲ್ಲಿ ಹುಡುಕ್ತಾ ನಿಂತಿದೀನಿ, ಅವನು ಬಾಗಿಲ ಹತ್ರಾನೇ ನಿಂತಿದಾನೆ 😑

ಇನ್ನೊಂದು, ಹೋಮ್‌ವರ್ಕಲ್ಲಿ "ಅಕೊ ಚು ಇಮಾತಿ ವ್ರೆಮೆನಾ, ದೊಚಿ ಚು" ಅಂತ ಬರ್ದಿದ್ದೆ, ಟೈಮ್ ಇದ್ರೆ ಬರ್ತೀನಿ ಅನ್ನೋ ಅರ್ಥದಲ್ಲಿ. ಟೀಚರ್ ಮೊದಲನೇ "ಚು" ಮೇಲೆ ಪೆನ್ನಲ್ಲಿ ಎರಡು ಸಲ ಗೀಟು ಎಳೆದು "ಅಕೊ ಬುದೆಮ್ ಇಮಾಲಾ" ಅಂತ ಬರ್ದ್ರು. ಸರಿ ಬುದೆಮ್ ಕಲಿಯೋಣ ಅಂದ್ರೆ ಪಕ್ಕದ ಮನೆ ಅಜ್ಜಿ ಮಾತೆತ್ತಿದ್ರೆ "ಬುಮ್" "ಬುಶ್" ಅಂತಾರೆ, ಅದು ಯಾವ ಕಾಲ ಅಂತಾನೇ ತಿಳೀವಲ್ದು. ನನ್ ಪ್ರಶ್ನೆ ಇಷ್ಟೇ, ಇದ್ರಲ್ಲಿ ಯಾವ್ದು ಬಾಯಲ್ಲಿ ಬರ್ಬೇಕು, ಯಾವ್ದು ಓದಿ ಅರ್ಥ ಆದ್ರೆ ಸಾಕು? ನೆನಪಿಟ್ಕೊಳೋಕೆ ಏನಾದ್ರೂ ದಾರಿ ಇದ್ಯಾ?

ಗೊಂದಲಪ್ಪ:
ಆಯೋರಿಸ್ಟ್ ಬಿಟ್ಟಾಕಿ ಮೇಡಂ. ಇಂಪರ್ಫೆಕ್ಟಂತೂ ಮುಟ್ಟಲೇಬೇಡಿ. ನಾನು ಬಂದು ಆರು ವರ್ಷ ಆಯ್ತು, ಆಫೀಸು ಬ್ಯಾಂಕು ಡಾಕ್ಟರು ಎಲ್ಲಾ ಕಡೆ ಪರ್ಫೆಕ್ಟ್ ಒಂದ್ರಲ್ಲೇ ಬದುಕಿದೀನಿ. ಇಂಪರ್ಫೆಕ್ಟ್ ಬಾಯಲ್ಲಿ ಆಡಿದ್ರೆ ಅಂಗಡೀಲಿ ನಿಂತ್ಕೊಂಡು "ಎಲೈ ಭೃತ್ಯನೇ" ಅಂದಂಗೆ ಆಗತ್ತೆ.

ಅದ್ರ ಬದ್ಲು ಸ್ವರ್ಶೆನಿ ನೆಸ್ವರ್ಶೆನಿ ಜೋಡಿ ಇದಾವಲ್ಲ, ಮುಗಿದ ಕ್ರಿಯೆ ಮುಗೀದಿರೋ ಕ್ರಿಯೆ, ಅದನ್ನ ಉಜ್ಜಿ. ಚಿತಾತಿ, ಪ್ರೊಚಿತಾತಿ. "ಚಿತಾಲಾ ಸಮ್" ಅಂದ್ರೆ ಓದ್ತಿದ್ದೆ, "ಪ್ರೊಚಿತಾಲಾ ಸಮ್" ಅಂದ್ರೆ ಓದಿ ಮುಗಿಸ್ದೆ, ಓದ್ಬಿಟ್ಟೆ. ನಾವು ಕನ್ನಡದಲ್ಲಿ ಹಿಂದ್ಗಡೆ "ಬಿಡು" "ಹಾಕು" ಸೇರ್ಸೋದನ್ನ ಅವರು ಮುಂದ್ಗಡೆ ಪ್ರೊ, ನಾ, ಪೊ ಅಂತ ಸೇರಿಸ್ತಾರೆ, ಅಷ್ಟೇ ವ್ಯತ್ಯಾಸ. ಆದ್ರೆ ಎಲ್ಲಾ ಜೋಡಿನೂ ಹಂಗಿಲ್ಲ, ಗೊವೊರಿತಿಗೆ (ಮಾತಾಡೋದು) ಜೋಡಿ ರೆಚಿ (ಹೇಳೋದು), ಎರಡಕ್ಕೂ ಸಂಬಂಧಾನೇ ಇಲ್ಲ. ಅದನ್ನ ಬಾಯಿಪಾಠಾನೇ ಮಾಡ್ಬೇಕು. ಮೊದ್ಲು ಇದು ಗಟ್ಟಿ ಆಗ್ಲಿ, ಉಳಿದಿದ್ದೆಲ್ಲಾ ಪರೀಕ್ಷೆಗೆ ಮಾತ್ರ.

ಹಳೇಹಾರ್ಮೋನಿಯಂ:
ಗೊಂದಲಪ್ಪನವರು ಜೋಡಿ ಬಗ್ಗೆ ಹೇಳಿದ್ದು ನೂರಕ್ಕೆ ನೂರು ಸರಿ, ಆದ್ರೆ ಆಯೋರಿಸ್ಟ್ ಬಿಟ್ಟಾಕಿ ಅಂದಿದ್ದನ್ನ ನಾನು ಒಪ್ಪಲ್ಲ. ಅವರಿಗೇ ಗೊತ್ತಿಲ್ದೆ ಅವರು ದಿನಾ ಆಯೋರಿಸ್ಟ್ ಆಡ್ತಿದಾರೆ. ಕಾಫಿ ಕೇಳೋವಾಗ "ಹ್ತಿಯೊ ಬಿಹ್", ಬೇಕಿತ್ತು, ಅಂತೀರಲ್ಲ ಸರ್, ಆ "ಬಿಹ್" ಏನನ್ಕೊಂಡ್ರಿ? "ಬಿತಿ" (ಇರೋದು) ಕ್ರಿಯಾಪದದ ಆಯೋರಿಸ್ಟೇ ಅದು. ಬಿಹ್, ಬಿ, ಬಿ, ಬಿಸ್ಮೊ, ಬಿಸ್ತೆ. ಆಯೋರಿಸ್ಟಲ್ಲಿ ಕೊನೇದು "ಬಿಶೆ", ಕಂಡೀಷನಲ್‌ನಲ್ಲಿ ಬರೀ "ಬಿ" ಆಗಿದೆ, ಅಷ್ಟೇ. ಬೀದೀಲಿ ಜನ ಎಲ್ಲಾದಕ್ಕೂ "ಬಿ" ಅಂತಾನೇ ಅಂತಾರೆ, ನಾನು ಅನ್ನೋಕೆ "ಯಾ ಬಿ", ನಾವು ಅನ್ನೋಕೆ "ಮಿ ಬಿ", ಕೇಳಿ ಕೇಳಿ ನೀವೂ ಹಂಗೇ ಬರೀಬೇಡಿ, ಬರವಣಿಗೇಲಿ ಅದು ತಪ್ಪು.

ಮಳೆಹನಿಯವ್ರೇ, ನಿಮ್ ಸ್ತಿಗೊಹ್‌ಗೆ ಬರ್ತೀನಿ. ಮೂಲ "ಸ್ತಿಚಿ", ತಲುಪೋದು. ಅವನು "ಸ್ತಿಗಾವೊ ಸಮ್" ಅಂತ ಬರೀಬಹುದಿತ್ತು, ಅವರ ಲಿಪೀಲಿ ಮಧ್ಯದ ಜಾಗ ಸೇರಿ ಹತ್ತು ಒತ್ತು ಒತ್ಬೇಕು, ಸ್ತಿಗೊಹ್‌ಗೆ ಆರೇ ಸಾಕು. ಎಸ್ಸೆಮ್ಮೆಸ್ ಬಂದ್ಮೇಲೆ ಹುಡುಗ್ರು ಆಯೋರಿಸ್ಟನ್ನ ಮತ್ತೆ ಎತ್ಕೊಂಡಿದ್ದು ಇದಕ್ಕೇ. ಇನ್ನೊಂದು ಅನುಕೂಲ, ಸ್ತಿಗಾವೊ ಅಂದ್ರೆ ಗಂಡಸು, ಸ್ತಿಗ್ಲಾ ಅಂದ್ರೆ ಹೆಂಗಸು, ಸ್ತಿಗೊಹ್‌ಗೆ ಆ ರಗಳೆನೇ ಇಲ್ಲ, ನಮ್ಮ "ಬಂದೆ" ಥರ. ಡಿಕ್ಷನರೀಲಿ ಸ್ತಿಗೊಹ್ ಅಂತ ಹುಡುಕಿದ್ರೆ ಹೆಂಗ್ ಸಿಗತ್ತೆ, ನಮ್ಮ ನಿಘಂಟಲ್ಲಿ "ಬಂದೆ" ಅಂತ ಹುಡುಕಿದಂಗೆ. ಸ್ತಿಚಿ ಅಂತ ಹುಡುಕ್ಬೇಕು. ಹ್ರ್ವಾತ್ಸ್ಕಿ ಯೆಜಿಚ್ನಿ ಪೋರ್ಟಲ್ ಅಂತ ಆನ್‌ಲೈನ್ ನಿಘಂಟು ಇದೆ, ಅದ್ರಲ್ಲಿ ಕ್ರಿಯಾಪದದ ರೂಪಗಳ ಪಟ್ಟಿನೂ ತೆಗ್ದು ನೋಡಬಹುದು.

ಈಗ ನಿಜವಾದ ವಿಷ್ಯ. ಯಾರಾದ್ರೂ ಒಳಗಿಂದ ಕೂಗಿದ್ರೆ ನಾವು ಏನಂತೀವಿ? "ಬಂದೆ ಬಂದೆ!" ಅಂತೀವಿ. ಬಂದಿದೀವಾ? ಇಲ್ಲ, ಕುರ್ಚಿಯಿಂದ ಎದ್ದೇ ಇಲ್ಲ. ಫೋನ್ ಇಡೋವಾಗ "ನಾ ಹೊರಟೆ" ಅಂತೀವಿ, ಇನ್ನೂ ಚಪ್ಪಲಿ ಹಾಕಿಲ್ಲ. ಅದೇ ಕ್ರೊಯೇಷಿಯನ್‌ನಲ್ಲಿ "ಒದೊಹ್ ಯಾ". ಭಯ ಬಿದ್ದಾಗ ನಾವು "ಸತ್ತೆ!" ಅಂತೀವಲ್ಲ, ಅವರು "ಪೊಗಿಬೊಹ್!" ಅಂತಾರೆ. ಕಣ್ಮುಂದೆ ರೈಲು ಹೋಗ್ಬಿಟ್ರೆ "ಒದೆ ವ್ಲಾಕ್", ಹೋಯ್ತು ರೈಲು. ಈಗಷ್ಟೇ ಆಗಿದ್ದು, ಇಲ್ಲಾ ಇನ್ನೇನು ಆಗೇಹೋಯ್ತು ಅನ್ನೋದು, ಅದೇ ಆಯೋರಿಸ್ಟ್‌ನ ಜೀವ. ಕ್ಲಾಸಲ್ಲಿ ಇದನ್ನ ಬರೀ ಹಳೇ ಕಥೆಗಳ ಕಾಲ ಅಂತ ಹೇಳಿ ಮುಗಿಸ್ಬಿಡ್ತಾರೆ, ಅದು ಅರ್ಧ ಸತ್ಯ.

ರೂಪ ನೆನಪಿಡೋಕೆ ಸೀಸರ್ ಮಾತು ಸಾಕು, "ದೊಜೊಹ್, ವಿದ್ಯೆಹ್, ಪೊಬಿಯೆದಿಹ್", ಬಂದೆ ನೋಡ್ದೆ ಗೆದ್ದೆ. ನಾನು ಅಂದ್ರೆ ಕೊನೇಲಿ ಹ್, ನಾವು ಅಂದ್ರೆ ಸ್ಮೊ, ನೀವು ಅಂದ್ರೆ ಸ್ತೆ, ಅವರು ಅಂದ್ರೆ ಶೆ. ನೀನು, ಅವನು, ಅವಳು ಮೂರಕ್ಕೂ ಬಾಲ ಕತ್ತರಿಸಿದ ರೂಪ, ದೊಜೆ, ವಿದ್ಯೆ, ಪೊಬಿಯೆದಿ. ರೆಕೊಹ್ (ಹೇಳ್ದೆ) ಥರದ್ದಾದ್ರೆ ಅಕ್ಷರಾನೂ ಬದಲಾಗಿ ಅಲ್ಲಿ ರೆಚೆ ಆಗತ್ತೆ, ಕ ಹೋಗಿ ಚ.

ಇನ್ನು ಇಂಪರ್ಫೆಕ್ಟ್ ಮಾತಾಡೋಕೆ ಬೇಡ, ಇದ್ರಲ್ಲಿ ಗೊಂದಲಪ್ಪನವ್ರ ಪಕ್ಷ ನಾನು. ಆದ್ರೆ ಓದೋವಾಗ ಒಂದು ಗುಂಡಿ ಇದೆ, ನಾನು ತಿಂಗಳುಗಟ್ಲೆ ಅದ್ರಲ್ಲೇ ಬಿದ್ದಿದ್ದೆ. ಈ ವಾಕ್ಯ ನೋಡಿ: "ಸ್ತಾರಿತ್ಸಾ ಪ್ರಿಚಾಶೆ, ಅ ದ್ಯೆತ್ಸಾ ಸ್ಲುಶಾಹು. ಉತೊಮ್ ದೊಜೊಶೆ ವುಕೊವಿ." ಮುದುಕಿ ಕಥೆ ಹೇಳ್ತಿದ್ಳು, ಮಕ್ಕಳು ಕೇಳ್ತಿದ್ವು, ಅಷ್ಟ್ರಲ್ಲಿ ತೋಳಗಳು ಬಂದ್ವು. ಪ್ರಿಚಾಶೆಲೂ ಶೆ, ದೊಜೊಶೆಲೂ ಶೆ. ಆದ್ರೆ ಮೊದಲನೇದು ಒಬ್ಳು ಮುದುಕಿ, ಎರಡನೇದು ತೋಳಗಳ ಹಿಂಡು! ನಾನು ಮುದುಕೀನೂ ಹಿಂಡು ಮಾಡ್ಕೊಂಡು ಓದ್ತಿದ್ದೆ. ಬಿಡಿಸೋದು ಹೆಂಗಂದ್ರೆ, ಕ್ರಿಯಾಪದ ಮುಗೀದಿರೋ ಜಾತಿ ಆದ್ರೆ (ಪ್ರಿಚಾತಿ) ಆ ಶೆ ಇಂಪರ್ಫೆಕ್ಟು, ಸಾಮಾನ್ಯವಾಗಿ ಒಬ್ರೇ. ಮುಗಿದ ಜಾತಿ ಆದ್ರೆ (ದೊಚಿ) ಆಯೋರಿಸ್ಟು, ತುಂಬಾ ಜನ. ಇಂಪರ್ಫೆಕ್ಟಲ್ಲಿ ತುಂಬಾ ಜನ ಇದ್ರೆ "ಹು" ಬರತ್ತೆ, ಸ್ಲುಶಾಹು ಥರ. ಹಂಗಾಗಿ ಗೊಂದಲಪ್ಪನವ್ರು ಹೇಳಿದ ಜೋಡಿ ಕಲೀದೆ ಇದೂ ಬಗೆಹರಿಯಲ್ಲ.

ಗೊಂದಲಪ್ಪ:
ಬಿಹ್ ವಿಷ್ಯ ಗೊತ್ತಿರ್ಲಿಲ್ಲ ಸ್ವಾಮಿ, ಒಪ್ಕೊಂಡೆ. ಆದ್ರೂ ನಾನು ಯಾರ ಹತ್ರಾನೂ ಒದೊಹ್ ಅನ್ನಲ್ಲ, ಹೊರಗಿನವ್ನು ಹಂಗಂದ್ರೆ ನಾಟಕ ಮಾಡ್ದಂಗಿರತ್ತೆ.

ನಿದ್ದೆಗೇಡಿ:
ಟೀಚರ್ ಬರ್ದ ಆ ಬುದೆಮ್, ಅಂದ್ರೆ ಫುತುರ್ ದ್ರುಗಿ ಬಗ್ಗೆ ಯಾರೂ ಹೇಳ್ಲಿಲ್ಲ, ಅದನ್ನ ನಾನು ಹೇಳ್ತೀನಿ, ಯಾಕಂದ್ರೆ ದಿನಾ ಬೇಕಾಗೋದು ಅದೇ, ತಪ್ಪಾದ್ರೆ ಕಿವಿಗೆ ಹೊಡೆಯೋದೂ ಅದೇ.

ಅಕ್ಕಾ, "ನಾಳೆ ನೀನು ಬಂದ್ರೆ ಹೇಳ್ತೀನಿ" ಅಂತೀವಲ್ಲ, ನಾಳೆ ಅಂದ್ರೆ ಮುಂದಿಂದು, ಮತ್ತೆ "ಬಂದ್" ಅನ್ನೋ ಹಿಂದಿನ ಕಾಲದ ರೂಪ ಅಲ್ಲಿ ಯಾಕ್ ಬಂತು? "ಬರ್ತೀಯರೆ" ಅಂತ ಯಾರೂ ಅನ್ನಲ್ಲ. "ನಾಳೆ ಬಂದಾಗ" ಅನ್ನೋದ್ರಲ್ಲೂ ಅಷ್ಟೇ. ಮುಂದಿನ ಮಾತು ಆಡ್ಬೇಕಾದ್ರೆ ಮೊದಲನೇ ಕ್ರಿಯೆನ ಆಗಿಹೋಯ್ತು ಅನ್ನೋ ಥರ ಇಟ್ಕೊಂಡು ಮುಂದುಕ್ಕೆ ಹೋಗ್ತೀವಿ. ಕ್ರೊಯೇಷಿಯನ್‌ನೋರೂ ಅದನ್ನೇ ಮಾಡ್ತಾರೆ, ಬುದೆಮ್ ಪಕ್ಕದಲ್ಲಿ ಕೂರೋ "ಇಮಾಲಾ" ಇದ್ಯಲ್ಲ ಅದು ಪರ್ಫೆಕ್ಟಲ್ಲಿ ಬರೋ ಅದೇ ಇಮಾಲಾ. ಅಕೊ (ಆದ್ರೆ), ಕಾದ್ (ಆಗ), ಚಿಮ್ (ಆದ ಕೂಡ್ಲೇ), ದೊಕ್ (ಆಗೋ ತನಕ) ಇವು ಬಂದು ಮುಂದಿನ ಮಾತಾದ್ರೆ ಅಲ್ಲಿ "ಚು" ಹಾಕ್ಬೇಡಿ. ಚು ಎರಡನೇ ವಾಕ್ಯದಲ್ಲಿ ಮಾತ್ರ. ನೀವು ಬರ್ದಿದ್ದು ಕನ್ನಡದಲ್ಲಿ "ಟೈಮ್ ಇರತ್ತೆರೆ ಬರ್ತೀನಿ" ಅಂದಂಗಿತ್ತು, ಗೀಟು ಎಳೀದೆ ಇನ್ನೇನ್ ಮಾಡ್ತಾರೆ 😄 ಆದ್ರೆ ಪ್ರಶ್ನೆ ಆದ್ರೆ ಬೇರೆ, ಯಾವಾಗ ಬರ್ತೀಯಾ ಅನ್ನೋಕೆ "ಕಾದ್ ಚೆಶ್ ದೊಚಿ?" ಸರೀನೇ, ಅಲ್ಲಿ ಕಾದ್ ಅಂದ್ರೆ ಯಾವಾಗ.

ಒಂದು ಶಾರ್ಟ್‌ಕಟ್ಟೂ ಇದೆ. ಮುಗಿದ ಜಾತಿ ಕ್ರಿಯಾಪದ ಆದ್ರೆ ಬುದೆಮ್ ಬೇಡ, ಬರೀ ಪ್ರೆಸೆಂಟ್ ಸಾಕು: "ಕಾದ್ ದೊಜೆಶ್, ಯಾವಿ ಸೆ", ಬಂದಾಗ ತಿಳಿಸು. ಇಮಾತಿ (ಇರೋದು), ರಾದಿತಿ (ಕೆಲ್ಸ ಮಾಡೋದು), ಉಚಿತಿ (ಕಲಿಯೋದು) ಇಂಥ ಮುಗೀದಿರೋ ಜಾತಿಗೆ ಬುದೆಮ್ ಬೇಕೇಬೇಕು. ಇಲ್ಲಿ ಜನ "ಟೈಮ್ ಇದ್ರೆ" ಅನ್ನೋಕೆ ಸುಮ್ನೆ "ಅಕೊ ಸ್ತಿಗ್ನೆಮ್" ಅಂತಾರೆ. ನಿಮ್ ಸ್ತಿಗೊಹ್ ಮೂಲದ ಸ್ತಿಚಿನೇ ಅದು, ತಲುಪೋದು ಅಂತಾನೂ ಹೌದು, ಪುರುಸೊತ್ತು ಆಗೋದು ಅಂತಾನೂ ಹೌದು.

ಅಜ್ಜಿ "ಬುಮ್" ಬೇರೆ ಕಥೆ. ಅದು ಕಾಯ್ಕವ್ಸ್ಕಿ, ಜಾಗ್ರೆಬ್ ಮತ್ತೆ ಅದ್ರ ಮೇಲ್ಗಡೆ ಜಾಗೊರ್ಯೆ ಕಡೆ ಆಡೋ ನುಡಿ. ಏನು ಅನ್ನೋಕೆ "ಕಾಯ್" ಅಂತಾರೆ, ಅದಕ್ಕೇ ಆ ಹೆಸ್ರು. ಕರಾವಳಿ ದ್ವೀಪಗಳಲ್ಲಿ "ಚಾ", ಪುಸ್ತಕದ ಭಾಷೇಲಿ "ಶ್ತೊ". ನಮ್ಮಲ್ಲಿ ಏನು, ಎಂತ ಇದ್ದಂಗೆ. ಅಜ್ಜೀಗೆ "ಬುಮ್ ರೆಕ್ಲಾ" ಅಂದ್ರೆ ಹೇಳ್ತೀನಿ ಅಂತ, ಮಾಮೂಲಿ ಫ್ಯೂಚರ್ ಅಷ್ಟೇ. ಬುದೆಮ್ ಮೊಟಕಾಗಿ ಬುಮ್. ಇದನ್ನ ಕೇಳ್ಕೊಂಡು ನೀವು ಪರೀಕ್ಷೇಲಿ ನಾಳೆ ಬರ್ತೀನಿ ಅನ್ನೋಕೆ "ಸುತ್ರಾ ಬುದೆಮ್ ದೊಶ್ಲಾ" ಅಂತ ಬರೆದ್ರೆ ಇನ್ನೊಂದು ಗೀಟು ಗ್ಯಾರಂಟಿ. ಆದ್ರೆ ಅಜ್ಜಿ ಹತ್ರ ಒಂದ್ಸಲ ಬುಮ್ ಅಂದು ನೋಡಿ, ಮುಖ ಅರಳತ್ತೆ.

ಕಂಡೀಷನಲ್ ಟೂಗೆ ಹೆದರ್ಬೇಡಿ, ಆಗ್ದೇ ಹೋದ ವಿಷ್ಯ. "ದಾ ಸಿ ಮೆ ಜ್ವಾಲಾ, ಬಿಲಾ ಬಿಹ್ ದೊಶ್ಲಾ", ನೀನು ಕರೆದಿದ್ರೆ ಬಂದಿರ್ತಿದ್ದೆ. (ಜ್ವಾಲಾ ಅಂದ್ರೆ ಬೆಂಕಿ ಅಲ್ಲ, ಕರೆದಿದ್ದು, ನಾನು ಮೊದಲ ಸಲ ಕೇಳಿ ಗಾಬ್ರಿ ಆಗಿದ್ದೆ.) ಮಾತಲ್ಲಿ "ದೊಶ್ಲಾ ಬಿಹ್" ಅಂದ್ರೂ ನಡೆಯತ್ತೆ, ನಾವು ಬಂದಿರ್ತಿದ್ದೆ ಬದ್ಲು ಬರ್ತಿದ್ದೆ ಅನ್ನೋ ಥರ.

ಮಳೆಹನಿ:
ಅಯ್ಯೋ ಎಲ್ರಿಗೂ ಥ್ಯಾಂಕ್ಸ್, "ಬಂದ್ರೆ" ಒಳಗೆ "ಬಂದ" ಇದೆ ಅಂತ ಇಷ್ಟು ವರ್ಷ ಮಾತಾಡಿದ್ರೂ ಗಮನಕ್ಕೇ ಬಂದಿರ್ಲಿಲ್ಲ. ನಿನ್ನೆ ರಾತ್ರಿ ಹಳೇ ಹೋಮ್‌ವರ್ಕ್ ತೆಗ್ದು ನೋಡ್ದೆ, ಅಕೊ ಚು ತಪ್ಪು ಏಳು ಕಡೆ ಇತ್ತು, ಏಳನ್ನೂ ಕನ್ನಡದಲ್ಲಿ ಒಂದ್ಸಲ ಅಂದ್ಕೊಂಡು ತಿದ್ದಿದೆ, ನಾಲ್ಕರಲ್ಲಿ ಬುದೆಮ್ ಬೇಕಿತ್ತು, ಮೂರಕ್ಕೆ ಬರೀ ಪ್ರೆಸೆಂಟ್ ಸಾಕಿತ್ತು.

ಪ್ಲುಸ್ಕ್ವಾಮ್‌ಪರ್ಫೆಕ್ಟ್ ಮಾತ್ರ ಉಳೀತು. "ಬಿಲಾ ಸಮ್ ದೊಶ್ಲಾ" ಅಂದ್ರೆ ನಮ್ಮ "ಬಂದಿದ್ದೆ" ತಾನೇ? ಹಂಗಾದ್ರೆ ಇದು ನನಗೆ ಸಲೀಸು, ಆದ್ರೆ ನಾನು ಅಂದಾಗೆಲ್ಲ ಎದುರಿನವ್ರು ಒಂಥರಾ ನೋಡ್ತಾರೆ.

ಹಳೇಹಾರ್ಮೋನಿಯಂ:
ಸಲೀಸು ಅನ್ನೋದೇ ತೊಂದ್ರೆ. ನಾವು "ಹೋದ ವಾರ ಬಂದಿದ್ದೆ" "ನಿನ್ನೆ ಹೇಳಿದ್ದೆ" ಅಂತ ಮಾತುಮಾತಿಗೂ ಇದ್ದೆ ಇದ್ದೆ ಅಂತೀವಿ, ಅವರು ಅಲ್ಲೆಲ್ಲಾ ಪರ್ಫೆಕ್ಟ್ ಹಾಕಿ ಸುಮ್ನಿರ್ತಾರೆ. ಒಂದಕ್ಕಿಂತ ಒಂದು ಮೊದ್ಲು ಆಯ್ತು ಅನ್ನೋದನ್ನೂ "ವೆಚ್" (ಆಗ್ಲೇ) ಸೇರಿಸಿ ತೋರಿಸ್ತಾರೆ, "ವೆಚ್ ಸಮ್ ಜಾಸ್ಪಾಲಾ ಕಾದ್ ಯೆ ನಾಜ್ವಾವೊ", ಅವನು ಫೋನ್ ಮಾಡೋ ಹೊತ್ತಿಗೆ ಆಗ್ಲೇ ನಿದ್ದೆ ಹೋಗಿದ್ದೆ. ನಾನು ಬಾಯಲ್ಲಿ ಇದನ್ನ ಬಳಸೋದು ಒಂದೇ ಕಡೆ, ಶುರುಮಾಡಿ ಅರ್ಧಕ್ಕೆ ಬಿಟ್ಟಾಗ. "ಬಿಲಾ ಸಮ್ ಕ್ರೆನುಲಾ, ಅಲಿ ಸಮ್ ಸೆ ವ್ರಾತಿಲಾ", ಹೊರಟಿದ್ದೆ, ಆದ್ರೆ ವಾಪಸ್ ಬಂದೆ. ಇಲ್ಲಿ ಯಾರೂ ವಿಚಿತ್ರವಾಗಿ ನೋಡಲ್ಲ. ಪುಸ್ತಕದಲ್ಲಿ "ಬಿಯಾಹ್ ಕ್ರೆನುಲಾ" ಅಂತಾನೂ ಸಿಗತ್ತೆ, ಅದೂ ಇದೇ, ಸಮ್ ಬದ್ಲು ಇಂಪರ್ಫೆಕ್ಟ್ ಹಾಕಿರ್ತಾರೆ.

ಗೊಂದಲಪ್ಪ:
ಹಾರ್ಮೋನಿಯಂ ಸರ್, ಈಗ ನನಗೇ ಒಂದು ಡೌಟು. "ದೊಜೆ" ಅಂದ್ರೆ ಆಯೋರಿಸ್ಟಲ್ಲಿ "ಬಂದ" ಅಂದ್ರಿ, ಆದ್ರೆ "ಕಾದ್ ದೊಜೆ" ಅಂದ್ರೆ "ಅವನು ಬಂದಾಗ", ಮುಂದಿಂದು, ಅದು ಪ್ರೆಸೆಂಟು. ಬರ್ಯೋದು ಎರಡೂ ಒಂದೇ. ಓದೋವಾಗ ಹೆಂಗ್ ಬೇರೆ ಮಾಡೋದು?

ಹಳೇಹಾರ್ಮೋನಿಯಂ:
ಒಂಟಿಯಾಗಿ ನೋಡಿದ್ರೆ ಆಗಲ್ಲ ಸರ್, ಪಕ್ಕದ ಕ್ರಿಯಾಪದ ನೋಡಿ. "ಕಾದ್ ದೊಜೆ, ರೆಚಿ ಚು ಮು", ಪಕ್ಕದಲ್ಲಿ ಚು ಇದೆ, ಮುಂದಿನ ಮಾತು, ಅವನು ಬಂದಾಗ ಹೇಳ್ತೀನಿ. "ದೊಜೆ, ಸ್ಯೆದೆ ಇ ರೆಚೆ", ಬಂದ, ಕೂತ, ಹೇಳ್ದ. ರೆಚೆ ಪ್ರೆಸೆಂಟಾಗಿ ಬರೋದು ಅಪರೂಪ, ಅದು ಒಂದು ಕಡೆ ಕಂಡ್ರೆ ಪಕ್ಕದಲ್ಲಿರೋ ದೊಜೆನೂ ಸಾಮಾನ್ಯವಾಗಿ ಆಯೋರಿಸ್ಟೇ ಅಂತ ಓದಿ.