ಭಟ್ರ ಜಿಪ್ಸಿಯ ಬಾಲಕ್ಕೊಂದು ಬ್ರೇಕು

“ಟ್ರೇಲರಿಗೆ ಬ್ರೇಕ್ ಕಂಟ್ರೋಲರ್ ಯಾವುದು ಒಳ್ಳೇದು ಮಾರಾಯ್ರೆ?” ಅಂತ ಭಟ್ರು ಕೇಳಿದ್ದು ಗೋಳಿಬಜೆಯ ಎರಡನೇ ಪ್ಲೇಟು ಬಂದಾಗ. ಮೊದಲನೇ ಪ್ಲೇಟಿನಲ್ಲಿ ಕೇಳಿದ್ದರೆ ಯಾರಾದರೂ ಒಂದು ಹೆಸರು ಹೇಳಿ ಮುಗಿಸುತ್ತಿದ್ದರೋ ಏನೋ. ಎರಡನೇ ಪ್ಲೇಟು ಅಂದರೆ ಯಾರಿಗೂ ಮನೆಗೆ ಹೋಗುವ ಅವಸರ ಇಲ್ಲ ಅಂತ ಅರ್ಥ.

ಪರ್ಕಳದ ಹೋಟೆಲು, ಭಾನುವಾರ ಸಂಜೆ, ನಾವು ಐದು ಜನ. ಭಟ್ರದ್ದು ಅಡುಗೆ ಕಂಟ್ರಾಕ್ಟು. ಮದುವೆ, ಉಪನಯನ, ನಾಗಮಂಡಲ, ಎಲ್ಲಿ ಎಲೆ ಹಾಕಿದರೂ ಅಲ್ಲಿ ಅವರ ಸಾರು. ಈ ವರ್ಷ ಘಟ್ಟದ ಮೇಲಿಂದಲೂ ಆರ್ಡರ್ ಬಂದಿದೆಯಂತೆ. ಹಾಗಾಗಿ ಹಳೇ ಜಿಪ್ಸಿಯ ಹಿಂದೆ ಕಟ್ಟುವುದಕ್ಕೆ ಬೈಕಂಪಾಡಿಯಲ್ಲಿ ಟ್ರೇಲರ್ ಮಾಡಿಸಿದ್ದಾರೆ. ಶೆಟ್ರು ಮೂವತ್ತು ವರ್ಷ ಬಸ್ಸು ಓಡಿಸಿದವರು, ಬ್ರೇಕು ಅಂದರೆ ಧೈರ್ಯ ಇಲ್ಲದವರಿಗೆ ಅಂತ ಅವರ ನಂಬಿಕೆ. ಪೈ ಮಾಮ್ ಬ್ಯಾಂಕಿನಿಂದ ರಿಟೈರ್ ಆದವರು, ಬಿಲ್ಲಿನ ಹಿಂಬದಿ ಖಾಲಿ ಇದ್ದರೆ ಲೆಕ್ಕ ಬರೆಯದೆ ಬಿಡುವುದಿಲ್ಲ. ಜೆರಿ ಹನ್ನೆರಡು ವರ್ಷ ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಗ್ಯಾರೇಜಿನಲ್ಲಿದ್ದು ಬಂದವನು, ನಮ್ಮಲ್ಲಿ ಇದರ ಬಗ್ಗೆ ಗೊತ್ತಿರುವವನು ಅವನೊಬ್ಬನೇ. ಹಾಗಾಗಿ ಅವನಿಗೆ ಮಾತಾಡಲು ಅವಕಾಶ ಸಿಕ್ಕಿದ್ದು ಕೊನೆಗೆ.

“ಕಂಟ್ರೋಲರ್ ಎಂತಕ್ಕೆ? ಜಿಪ್ಸಿಗೆ ಬ್ರೇಕ್ ಇಲ್ವಾ?” ಅಂದರು ಶೆಟ್ರು.

“ಉಂಟು. ಆದರೆ ಟ್ರೇಲರಿಗೆ ಅದು ಗೊತ್ತಿಲ್ಲ” ಅಂದೆ ನಾನು. ಇದು ಅನುಭವದ ಮಾತು. ಒಮ್ಮೆ ಬ್ರೇಕಿಲ್ಲದ ಒಂದು ಟ್ರೇಲರಿನಲ್ಲಿ ಇಪ್ಪತ್ತು ಕೆಂಪು ಕಲ್ಲು ಹಾಕಿಕೊಂಡು ಮಣಿಪಾಲದ ಇಳಿಜಾರಿನಲ್ಲಿ ಬರುತ್ತಿದ್ದೆ. ಮುಂದೆ ಒಂದು ದನ ಅಡ್ಡ ಬಂತು. ನನ್ನ ಗಿಡ್ಡ ಜೀಪು ನಿಂತಿತು, ಟ್ರೇಲರ್ ನಿಲ್ಲಲಿಲ್ಲ. ಹಿಂದಿನ ಕನ್ನಡಿಯಲ್ಲಿ ಇರಬೇಕಾದದ್ದು ಪಕ್ಕದ ಕಿಟಕಿಯಲ್ಲಿ ಕಂಡಿತು, ಓವರ್‌ಟೇಕ್ ಮಾಡಲು ಸೈಡು ಕೇಳುವವರ ಹಾಗೆ. ದನ ಮಾತ್ರ ಕದಲದೆ ನೋಡುತ್ತಿತ್ತು. ನಾನು ಆಮೇಲೆ ಕಾಲು ಗಂಟೆ ಸ್ಟೇರಿಂಗ್ ಹಿಡಿದುಕೊಂಡೇ ಕೂತಿದ್ದೆ.

“ಅದು ಗಾಡಿ ಗಿಡ್ಡ ಆದದ್ದಕ್ಕೆ” ಅಂದ ಜೆರಿ. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ ಜಿಪ್ಸಿಯಲ್ಲಿ ಇರುವುದು 2375 ಮಿಲಿಮೀಟರ್. ಮೂರು ಬಾಗಿಲ ಥಾರ್ 2450, ಐದು ಬಾಗಿಲ ಥಾರ್ ರಾಕ್ಸ್ 2850. ಟ್ರೇಲರ್ ಕಟ್ಟುವ ಹುಕ್ಕು ಹಿಂದಿನ ಆಕ್ಸೆಲ್‌ನಿಂದ ಎಷ್ಟು ಹಿಂದೆ ಇದೆ ಅನ್ನುವುದು ಮುಖ್ಯ ಅಂದ. ಭಟ್ರು ಎದ್ದು ಹೋಗಿ ಜಿಪ್ಸಿಗೆ ಗೇಣು ಹಾಕಿ ಬಂದರು. ನಾಲ್ಕು ಗೇಣು. ಪೈ ಮಾಮ್ 80 ಸೆಂಟಿಮೀಟರ್ ಅಂತ ಬರೆದುಕೊಂಡು, ಹುಕ್ಕಿನ ಮೇಲೆ 100 ಕಿಲೋ ಕೂತರೆ ಮುಂದಿನ ಚಕ್ರಗಳಿಂದ ಹೆಚ್ಚುಕಮ್ಮಿ 34 ಕಿಲೋ ಎದ್ದುಹೋಗುತ್ತದೆ, ರಾಕ್ಸ್ ಆದರೆ 28 ಅಂತ ಲೆಕ್ಕ ಒಪ್ಪಿಸಿದರು. ತಿರುಗಿಸುವುದೂ ಮುಂದಿನ ಚಕ್ರ, ಬ್ರೇಕಿನ ದೊಡ್ಡ ಪಾಲೂ ಮುಂದಿನ ಚಕ್ರದ್ದೇ. ಟ್ರೇಲರ್ ಅಡ್ಡಕ್ಕೆ ತಳ್ಳಿದರೂ ಇದೇ ಲೆಕ್ಕ. ಗಿಡ್ಡ ಗಾಡಿಯ ಮೂತಿ ಬೇಗ ತಿರುಗಿಬಿಡುತ್ತದೆ.

“ಟ್ರೇಲರ್ ತೂಕ ಎಷ್ಟು?”

ಭಟ್ರು ಬೆರಳು ಮಡಚಿದರು. ಖಾಲಿ ಟ್ರೇಲರ್, ಕೊಪ್ಪರಿಗೆ, ಬಾಣಲೆ, ಒಲೆ, ಗ್ಯಾಸು, ಅಕ್ಕಿ, ಬೇಳೆ. 680 ಕಿಲೋ.

“ಆಸ್ಟ್ರೇಲಿಯಾದಲ್ಲಿ 750 ಕಿಲೋ ದಾಟಿದರೆ ಟ್ರೇಲರಿಗೆ ಬ್ರೇಕ್ ಬೇಕೇ ಬೇಕು. 2000 ದಾಟಿದರೆ ಎಲ್ಲ ಚಕ್ರಕ್ಕೂ ಬೇಕು, ಕೊಂಡಿ ಕಳಚಿ ಹೋದರೆ ತಾನಾಗಿ ಹಿಡಿಯುವ ಬ್ರೇಕೂ ಬೇಕು.”

“ನಂದು 680! ಹಾಗಾದರೆ ಬೇಡವೇ ಬೇಡ!” ಭಟ್ರು ಗೆದ್ದವರ ಹಾಗೆ ಇನ್ನೊಂದು ಗೋಳಿಬಜೆ ಎತ್ತಿಕೊಂಡರು.

“ತೆಂಗಿನಕಾಯಿ?” ಅಂದರು ಪೈ ಮಾಮ್, ತಲೆ ಎತ್ತದೆ.

ಭಟ್ರ ಕೈ ಅಲ್ಲೇ ನಿಂತಿತು. ಇನ್ನೂರು ಕಾಯಿ, ಒಂದೊಂದು ಅರ್ಧ ಕಿಲೋ ಅಂದರೂ ನೂರು ಕಿಲೋ. ಉಡುಪಿಯ ಅಡುಗೆಯವರು ತೂಕದ ಲೆಕ್ಕದಲ್ಲಿ ತೆಂಗಿನಕಾಯಿ ಮರೆಯುವುದು ಅಂದರೆ ಮದುವೆಯಲ್ಲಿ ಮದುಮಗನನ್ನು ಮರೆತ ಹಾಗೆ. 780 ಆಯಿತು. “ಜಿಪ್ಸಿಯೇ ಒಂದು ಟನ್ನು ಆಸುಪಾಸು. ಈ ಅಡಮಾನಕ್ಕೆ ಇಷ್ಟು ಸಾಲ ನಾವಾದರೆ ಕೊಡುತ್ತಿರಲಿಲ್ಲ” ಅಂದರು ಪೈ ಮಾಮ್. ಟ್ರೇಲರಿಗೆ ಬೇರೆ ರಿಜಿಸ್ಟ್ರೇಶನ್ ಆಗಬೇಕು, 1988ರ ಕಾಯ್ದೆಯ ಪ್ರಕಾರ ಅದೂ ಒಂದು ಮೋಟಾರು ವಾಹನವೇ ಅಂತಲೂ ಸೇರಿಸಿದರು. ಭಟ್ರು ಕೇಳದವರ ಹಾಗೆ ಚಟ್ನಿ ತರಿಸಿದರು.

ಆಮೇಲೆ ಜೆರಿ ಕೇಳಿದ್ದೇ ಇಡೀ ಸಂಜೆಯ ದೊಡ್ಡ ಪ್ರಶ್ನೆ. “ಭಟ್ರೇ, ಟ್ರೇಲರಿನ ಚಕ್ರದಲ್ಲಿ ಬ್ರೇಕ್ ಉಂಟಾ?”

“ಅದಕ್ಕೇ ಅಲ್ವಾ ಕಂಟ್ರೋಲರ್ ತರುವುದು?”

ಯಾರೂ ಮಾತಾಡಲಿಲ್ಲ. ಶೆಟ್ರಿಗೂ ನಗು ತಡೆಯಲಾಗಲಿಲ್ಲ. ಕಂಟ್ರೋಲರ್ ಅಂದರೆ ಹೇಳುವ ಪೆಟ್ಟಿಗೆ, ಕೇಳುವವರು ಚಕ್ರದಲ್ಲಿ ಇರಬೇಕು ಅಂತ ಜೆರಿ ಬಿಡಿಸಿ ಹೇಳಿದ. ಟ್ರೇಲರಿನ ಚಕ್ರದ ಬ್ರೇಕ್ ಡ್ರಮ್ಮಿನ ಒಳಗೆ ಒಂದೊಂದು ವಿದ್ಯುತ್ ಅಯಸ್ಕಾಂತ. ಕರೆಂಟು ಬಂದಾಗ ಅದು ತಿರುಗುತ್ತಿರುವ ಡ್ರಮ್ಮಿಗೆ ಅಂಟಿಕೊಂಡು, ತಾನೂ ಸ್ವಲ್ಪ ತಿರುಗಿ, ಡ್ರಮ್ಮನ್ನು ಒಳಗಿನಿಂದ ಒತ್ತಿ ನಿಲ್ಲಿಸುವ ಬ್ರೇಕ್ ಶೂಗಳನ್ನು ಅಗಲಿಸುತ್ತದೆ. ಜಾಸ್ತಿ ಕರೆಂಟು, ಜಾಸ್ತಿ ಹಿಡಿತ. ಪೂರ್ತಿ ಒತ್ತಿದರೆ ಚಕ್ರಕ್ಕೆ ಸುಮಾರು 3 ಆಂಪಿಯರ್. ಎಷ್ಟು ಕೊಡಬೇಕು, ಯಾವಾಗ ಕೊಡಬೇಕು ಅನ್ನುವುದಷ್ಟೇ ಕಂಟ್ರೋಲರಿನ ಕೆಲಸ.

“ಕರೆಂಟೇ ಬೇಡ. ಟ್ರೇಲರ್ ಮುಂದಕ್ಕೆ ತಳ್ಳಿದರೆ ತಾನಾಗಿ ಹಿಡಿಯುವ ಬ್ರೇಕ್ ಬರುತ್ತದಲ್ಲ, ಅದು ಹಾಕಿ” ಅಂದರು ಶೆಟ್ರು. ತಪ್ಪೇನಲ್ಲ, ಹಗುರದ ಟ್ರೇಲರಿಗೆ ಅದೇ ಸಸ್ತಾ. ದೋಣಿ ಸಾಗಿಸುವವರಿಗಂತೂ ಅದೇ ಸರಿ, ಅಯಸ್ಕಾಂತವನ್ನು ಉಪ್ಪುನೀರಿಗೆ ಇಳಿಸಿದರೆ ಜಾಸ್ತಿ ದಿನ ಬಾಳುವುದಿಲ್ಲ. ಆದರೆ ಆಗುಂಬೆಯ 14 ತಿರುವು ಇಳಿಯುವಾಗ ಟ್ರೇಲರ್ ಮೇಲಿಂದ ಕೆಳಗಿನವರೆಗೆ ತಳ್ಳುತ್ತಲೇ ಇರುತ್ತದೆ, ಬ್ರೇಕು ಹಿಡಿದುಕೊಂಡೇ ಇರುತ್ತದೆ, ಸೋಮೇಶ್ವರ ತಲುಪುವ ಹೊತ್ತಿಗೆ ಡ್ರಮ್ಮಿನಲ್ಲಿ ಹಪ್ಪಳ ಸುಡಬಹುದು. ರಿವರ್ಸ್ ಹೋದರೂ ಹಿಡಿಯುತ್ತದೆ, ಇಳಿದು ಲಾಕ್ ಹಾಕಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಟ್ರೇಲರ್ ಬಾಲ ಅಲ್ಲಾಡಿಸಲು ಶುರುಮಾಡಿದಾಗ ಟ್ರೇಲರಿನ ಬ್ರೇಕನ್ನು ಮಾತ್ರ ಒತ್ತುವುದಕ್ಕೆ ಅದರಲ್ಲಿ ದಾರಿಯೇ ಇಲ್ಲ.

ಗಿಡ್ಡ ಗಾಡಿಯವರಿಗೆ ಕಂಟ್ರೋಲರ್ ಬೇಕಾಗುವುದೇ ಅದಕ್ಕೆ ಅಂತ ನನಗೆ ಆವತ್ತು ಹೊಳೆಯಿತು. ಬಾಲ ಅಲ್ಲಾಡಿದಾಗ ಗಾಡಿಯ ಬ್ರೇಕು ಒತ್ತಿದರೆ ಕೆಟ್ಟಿತು. ಆಕ್ಸಿಲರೇಟರ್ ಬಿಟ್ಟು, ಕೈಯಲ್ಲಿ ಕಂಟ್ರೋಲರಿನ ಗುಂಡಿ ಒತ್ತಬೇಕು. ಟ್ರೇಲರ್ ಹಿಂದಕ್ಕೆ ಜಗ್ಗುತ್ತದೆ, ಹಗ್ಗ ಬಿಗಿಯಾದ ಹಾಗೆ ಎಲ್ಲ ನೇರ ಆಗುತ್ತದೆ.

ಇನ್ನು ಯಾವುದು ತರಬೇಕು ಅನ್ನುವುದು. ಹಳೇ ಕಾಲದ್ದು ಬ್ರೇಕ್ ಲೈಟು ಹೊತ್ತಿದ ಕೂಡಲೇ ಸಮಯದ ಲೆಕ್ಕ ಶುರುಮಾಡಿ, ನೀವು ಮೆಲ್ಲ ಒತ್ತಿದರೂ ಜೋರು ಒತ್ತಿದರೂ ಅದೇ ಹಿಡಿತ ಕೊಡುವಂಥದ್ದು. ಕಲ್ಸಂಕದ ಟ್ರಾಫಿಕ್ಕಿನಲ್ಲಿ ಪೆಡಲ್ ಮುಟ್ಟಿದರೆ ಸಾಕು, ಹಿಂದಿನಿಂದ ಜುಟ್ಟು ಹಿಡಿದು ಎಳೆದ ಹಾಗೆ. ನಿಜವಾಗಿ ದನ ಅಡ್ಡ ಬಂದಾಗ ಮಾತ್ರ ತಡ. ಇನ್ನೊಂದು ಲೋಲಕದ್ದು, ಗಾಡಿ ನಿಧಾನ ಆದಷ್ಟು ಒಳಗಿನ ಲೋಲಕ ಮುಂದಕ್ಕೆ ವಾಲಿ ಅಷ್ಟೇ ಕರೆಂಟು ಕೊಡುವುದು. ಉಪಾಯ ಒಳ್ಳೇದೇ. ಆದರೆ ಘಟ್ಟದ ಇಳಿತದಲ್ಲಿ ಇಡೀ ಗಾಡಿಯೇ ಮುಂದಕ್ಕೆ ವಾಲಿರುತ್ತದಲ್ಲ, ಲೋಲಕಕ್ಕೆ ಇದು ಇಳಿತವೋ ಬ್ರೇಕೋ ಅಂತ ಹೇಗೆ ಗೊತ್ತಾಗಬೇಕು? ಅದರ ಮೇಲೆ ಗಿಡ್ಡ ಜಿಪ್ಸಿ ಪ್ರತಿ ಹೊಂಡಕ್ಕೂ ತಲೆ ಹಾಕುತ್ತದೆ, ಭಾಗವತರ ಪದಕ್ಕೆ ಹಾಕಿದ ಹಾಗೆ. ಬ್ರೇಕ್ ಎಣ್ಣೆಯ ಒತ್ತಡವನ್ನೇ ಓದುವ ಜಾತಿಯೂ ಇದೆ, ಅದಕ್ಕೆ ಇಳಿತ ಏರು ಯಾವುದೂ ಲೆಕ್ಕಕ್ಕಿಲ್ಲ. ಆದರೆ ಹಳೇ ಜಿಪ್ಸಿಯ ಬ್ರೇಕ್ ಪೈಪು ಕತ್ತರಿಸಿ ಜೋಡಿಸಲು ಜೆರಿ ಒಪ್ಪಲಿಲ್ಲ. “ಇದ್ದ ಬ್ರೇಕೂ ಹೋದರೆ?”

ಉಳಿದದ್ದು ಗಾಡಿ ನಿಧಾನ ಆಗುವುದನ್ನು ಎಲೆಕ್ಟ್ರಾನಿಕ್ ಚಿಪ್ಪಿನ ಸೆನ್ಸರಿನಿಂದ ಅಳೆಯುವ ಹೊಸ ಕಾಲದ್ದು. ಅಮೆರಿಕದವರ ಟೆಕೋನ್ಶಾ ಪಿ3ಗೆ ಒಳ್ಳೆ ಪರದೆ ಇದೆ, ಆದರೆ ಗಾಡಿ ಹೋಗುವ ದಿಕ್ಕಿಗೆ ನೇರವಾಗಿ, ಕಣ್ಣೆದುರಿಗೇ ಕೂರಿಸಬೇಕು. ಜಿಪ್ಸಿಯಲ್ಲಿ ಆ ಜಾಗದಲ್ಲಿ ಗಣಪತಿ ಇದ್ದಾನೆ, ಅವನ ಪಕ್ಕ ಊದಿನಕಡ್ಡಿಯ ಸ್ಟ್ಯಾಂಡು. “ಅವನನ್ನು ಎಬ್ಬಿಸುವ ಮಾತೇ ಇಲ್ಲ” ಅಂದರು ಭಟ್ರು. ಆಸ್ಟ್ರೇಲಿಯಾದ ರೆಡಾರ್ಕ್ ಟೋ-ಪ್ರೋ ಆದರೆ ಪೆಟ್ಟಿಗೆಯನ್ನು ಡ್ಯಾಶ್‌ಬೋರ್ಡಿನ ಒಳಗೆ ಹೇಗೆ ಬೇಕಾದರೂ ಕಟ್ಟಬಹುದು, ಹೊರಗೆ ಕಾಣುವುದು ಒಂದು ತಿರುಗಣೆ ಮಾತ್ರ. ತಾನು ಯಾವ ಕಡೆ ಮುಖ ಮಾಡಿದ್ದೇನೆ ಅಂತ ಮೊದಲ ಕೆಲವು ಬ್ರೇಕಿನಲ್ಲಿ ಅದೇ ಕಲಿಯುತ್ತದೆ. ಜಲ್ಲಿ ರಸ್ತೆಯ ಕಡಿದಾದ ಇಳಿತದಲ್ಲಿ ಸೆನ್ಸರನ್ನು ಬದಿಗಿಟ್ಟು ನಾವೇ ಹಿಡಿತ ಇಡಬಹುದು. ಟ್ರೇಲರಿನ ಬ್ರೇಕನ್ನು ಮಾತ್ರ ಕೈಯಲ್ಲಿ ಹಿಡಿಯಬೇಕಾದರೆ ತಿರುಗಣೆಯನ್ನೇ ಒತ್ತಿದರಾಯಿತು. ಗಣಪತಿಗೂ ತೊಂದರೆ ಇಲ್ಲ, ಗೇರಿನ ಕೈಗೂ ಹತ್ತಿರ. ಅದೇ ಅಂತ ತೀರ್ಮಾನ ಆಯಿತು.

“ಸಾಮಾನು ಹೇಗೆ ತುಂಬುತ್ತೀರಿ?” ಅಂತ ಜೆರಿ ಸುಮ್ನೆ ಕೇಳಿದ.

“ಹೋದ ಕೂಡಲೇ ಒಲೆ ಹಚ್ಚಬೇಕಲ್ಲ, ಒಲೆ, ಗ್ಯಾಸು ಎಲ್ಲ ಕಟ್ಟಕಡೆಗೆ. ತೆಂಗಿನಕಾಯಿಯೂ.”

ಜೆರಿ ತಲೆ ಮೇಲೆ ಕೈ ಇಟ್ಟುಕೊಂಡ. ಬಾಲ ಭಾರ ಮಾಡಿದರೆ ಅಲ್ಲಾಡದೆ ಇನ್ನೇನು ಮಾಡುತ್ತದೆ? ಟ್ರೇಲರಿನ ತೂಕದ ಹತ್ತರಲ್ಲಿ ಒಂದು ಪಾಲಾದರೂ ಹುಕ್ಕಿನ ಮೇಲೆ ಕೂರಬೇಕು, ಭಾರದ್ದೆಲ್ಲ ಆಕ್ಸೆಲ್‌ನ ಮೇಲೆ, ಸ್ವಲ್ಪ ಮುಂದಕ್ಕೆ. ಇಲ್ಲದಿದ್ದರೆ ಯಾವ ಕಂಟ್ರೋಲರ್ ತಂದರೂ ದಂಡ. ಭಟ್ರಿಗೆ ಪೂರ್ತಿ ಬೇಸರ ಆದದ್ದು ಇಲ್ಲಿ. ಅವರ ಅಪ್ಪನ ಕಾಲದಿಂದ ಒಲೆ ಕೊನೆಗೆ ಹತ್ತಿ ಮೊದಲು ಇಳಿಯುವುದಂತೆ. ಕೊನೆಗೆ ಟ್ರೇಲರಿನ ಮುಂಭಾಗದ ಪಕ್ಕಕ್ಕೆ ಒಂದು ಬಾಗಿಲು ಮಾಡಿಸುವುದು ಅಂತ ಪೈ ಮಾಮ್ ರಾಜಿ ಮಾಡಿಸಿದರು.

ಎರಡು ತಿಂಗಳಲ್ಲಿ ಪರ್ತ್‌ನಿಂದ ಜೆರಿಯ ಭಾವ ಕಂಟ್ರೋಲರ್, ಅಯಸ್ಕಾಂತದ ಬ್ರೇಕು ಎಲ್ಲ ಬ್ಯಾಗಿನಲ್ಲಿ ತಂದ. ಚಾಕ್ಲೇಟಿಗೆ ಜಾಗ ಇರಲಿಲ್ಲ ಅಂತ ಜೆರಿಯ ಮನೆಯಲ್ಲಿ ಈಗಲೂ ಗೊಣಗಾಟ ಇದೆ. ಬ್ಯಾಟರಿಯಿಂದ ನೇರ ಒಂದು ತಂತಿ, ನಡುವೆ 30 ಆಂಪಿಯರ್ ಸರ್ಕ್ಯೂಟ್ ಬ್ರೇಕರ್, ಕೆಂಪು ತಂತಿ ಬ್ರೇಕ್ ಲೈಟಿನ ಸ್ವಿಚ್ಚಿಗೆ, ನೀಲಿ ತಂತಿ ಹಿಂದಕ್ಕೆ ಟ್ರೇಲರಿಗೆ.

ಒಂದು ಭಾನುವಾರ ಬೆಳಿಗ್ಗೆ ಊರಾಚೆಯ ಖಾಲಿ ರಸ್ತೆಯಲ್ಲಿ, ಪೂರ್ತಿ ಸಾಮಾನು ತುಂಬಿ, ಪರೀಕ್ಷೆ. 40ರ ವೇಗದಲ್ಲಿ ತಿರುಗಣೆ ಒತ್ತಿ, ಟ್ರೇಲರಿನ ಚಕ್ರ ಕಚ್ಚಿ ನಿಲ್ಲುತ್ತದಾ ನೋಡಿ, ನಿಂತರೆ ಒಂದು ಚೂರು ಇಳಿಸಿ, ಮತ್ತೆ. ರಸ್ತೆಯ ಪಕ್ಕ ಬಗ್ಗಿ ಕೂತು ಟೈರು ನೋಡುವ ಕೆಲಸ ನನ್ನದು. ನಾಲ್ಕನೇ ಸಲಕ್ಕೆ ಸರಿ ಬಂತು. ಭಟ್ರಿಗೆ ಸಮಾಧಾನ ಆಗಲಿಲ್ಲ. ಮನೆಯಿಂದಲೇ ತಂದಿದ್ದ ಒಂದು ಕೊಪ್ಪರಿಗೆ ಸಾರನ್ನು, ಮುಕ್ಕಾಲು ತುಂಬಿದ್ದು, ಮುಚ್ಚಳ ತೆಗೆದು ಟ್ರೇಲರಿನಲ್ಲಿಟ್ಟರು. ಶೆಟ್ರೇ ಸ್ಟೇರಿಂಗ್ ಹಿಡಿದರು, ಹೋದರು, ಬಂದರು, ನಮ್ಮೆದುರು ಗಟ್ಟಿಯಾಗಿ ಬ್ರೇಕು ಒತ್ತಿದರು. ಜಿಪ್ಸಿ, ಟ್ರೇಲರ್ ಎರಡೂ ಒಟ್ಟಿಗೆ ನಿಂತವು.

ಶೆಟ್ರು ಇಳಿಯುತ್ತಲೇ “ಎಂತ ಭಟ್ರೇ, ಹೇಗುಂಟು?” ಅಂದರು, ಇಷ್ಟು ದಿನ ಬೇಡ ಅಂದವರು ತಾವಲ್ಲವೇ ಅಲ್ಲ ಅನ್ನುವ ಹಾಗೆ.

ಭಟ್ರು ಕೊಪ್ಪರಿಗೆಯ ಅಂಚಿನ ಸುತ್ತ ಬೆರಳು ಆಡಿಸಿದರು. ಚೆಲ್ಲಿರಲಿಲ್ಲ. ಸೌಟಿನಿಂದ ಒಂದು ಗುಟುಕು ಕೈಗೆ ಹಾಕಿಕೊಂಡು ನೆಕ್ಕಿ, ಸ್ವಲ್ಪ ಹೊತ್ತು ಯೋಚಿಸಿ ಹೇಳಿದರು:

“ಉಪ್ಪು ಕಮ್ಮಿ.”