ಪದಚರ್ಚೆ: ಬೆನಿನ್ ‘ಬ್ರಾಂಜ್’ಗಳು ಕಂಚೋ ಹಿತ್ತಾಳೆಯೋ? (ತುರ್ತು)

ಪ.ರಾ.:
ಎಲ್ಲರಿಗೂ ನಮಸ್ಕಾರ. ಬೆನಿನ್ ರಾಜ್ಯದ ಆಸ್ಥಾನಕಲೆ ಕುರಿತ ಚಿತ್ರಪ್ರದರ್ಶನವೊಂದಕ್ಕೆ ಕನ್ನಡ ಬರಹ ನಾಳೆ ಸಂಜೆಯೊಳಗೆ ಮುದ್ರಣಕ್ಕೆ ಹೋಗಬೇಕು. ಇದು ಈಗಿನ ಬೆನಿನ್ ಗಣರಾಜ್ಯವಲ್ಲ (1975ರವರೆಗೆ ಅದರ ಹೆಸರು ದಾಹೋಮಿ), ನೈಜೀರಿಯಾದ ದಕ್ಷಿಣದಲ್ಲಿದ್ದ ಎಡೊ ಜನರ ರಾಜ್ಯ. ಸಿಕ್ಕಿಹಾಕಿಕೊಂಡಿರುವುದು ನಾಲ್ಕು ಪದಗಳಲ್ಲಿ. ‘ಬ್ರಾಂಜ್’ ಕಂಚೇ ತಾನೆ? ‘ಪ್ಲಾಕ್’ಗೆ ಫಲಕ ಅನ್ನೋಣವೆಂದರೆ ಮಾಹಿತಿ ಬರೆಯುವ ಬೋರ್ಡೂ ಫಲಕವೇ. ‘ಲಾಸ್ಟ್ ವ್ಯಾಕ್ಸ್’ ಎಂಬ ಎರಕದ ವಿಧಾನಕ್ಕೆ ಹಳೆಯ ಕರಡಿನಲ್ಲಿ ‘ಕಳೆದುಹೋದ ಮೇಣ’ ಎಂದಿದೆ. 1897ರಲ್ಲಿ ಬ್ರಿಟಿಷ್ ಸೇನೆ ಬೆನಿನ್ ಮೇಲೆ ಬಿದ್ದ ‘ಪ್ಯುನಿಟಿವ್ ಎಕ್ಸ್‌ಪೆಡಿಶನ್’ಗೆ ಏನೂ ಹೊಳೆಯುತ್ತಿಲ್ಲ. ಒಂದೊಂದು ಚಿತ್ರದ ಕೆಳಗೆ ಎರಡೇ ಸಾಲಿಗೆ ಜಾಗ.

ಗೋ.ಭ.:
ಕಂಚು. ‘ಕಾಂಸ್ಯ’ದ ತದ್ಭವ. ಇದರಲ್ಲಿ ಕೇಳುವುದೇನಿದೆ?
ಎರಕಕ್ಕೆ ‘ಮಧೂಚ್ಛಿಷ್ಟ ವಿಧಾನ’. ಮೇಣದ ಮಾದರಿಯಿಂದ ಲೋಹಪ್ರತಿಮೆ ಎರೆಯುವ ಕ್ರಮವನ್ನು ನಮ್ಮ ಕಲ್ಯಾಣ ಚಾಲುಕ್ಯ ಮೂರನೇ ಸೋಮೇಶ್ವರನೇ ‘ಮಾನಸೋಲ್ಲಾಸ’ದಲ್ಲಿ ಬರೆದಿಟ್ಟಿದ್ದಾನೆ. ಸಿದ್ಧಪದ ಕೈಯಲ್ಲಿರುವಾಗ ಹೊಸದನ್ನು ಹೊಸೆಯುವುದು ಸೋಮಾರಿತನ.

ಹ.ಶಿ.:
‘ಉಚ್ಚಿಶ್ಟ’ ಅಂದರೆ ಎಂಜಲು. ನೋಡಲು ಬಂದ ಮಕ್ಕಳಿಗೆ ‘ಜೇನಿನ ಎಂಜಲು ಬಗೆ’ ಅಂತ ಓದಿಸುತ್ತೀರಾ? ಮೇಣದ + ಎರಕ = ಮೇಣದೆರಕ. ಎರೆ ಎಂಬ ಬೇರಿನಿಂದಲೇ ಎರಕ ಬಂದಿದೆ, ಊರಿನ ಕಂಚುಗಾರನಿಗೂ ತಿಳಿಯುತ್ತದೆ. ಪ್ಲಾಕ್‌ಗೆ ‘ತಗಡು’ ಸಾಕು. ಅರಸನಿಗೆ ಅಲ್ಲಿ ‘ಓಬಾ’ ಎನ್ನುತ್ತಾರಂತೆ. ನಮ್ಮ ಓಬವ್ವ, ಓಬಯ್ಯ ನೆನಪಾಗುವುದಿಲ್ಲವೆ? ಈ ನಂಟನ್ನು ಯಾರಾದರೂ ಅರಸಬೇಕು.

ಮಾ.ವೆಂ.:
ಅರಸಬೇಡಿ. ನಮ್ಮ ಓಬ ಬಂದದ್ದು ಅಹೋಬಲದಿಂದ. ಎಡೊ ನುಡಿಯ ಆ ಪದ ಬೇರೆ, ಅಲ್ಲಿ ಮೊದಲ ಸ್ವರ ಬಾಯಿ ತೆರೆದು ಆಡುವ ಹ್ರಸ್ವ. ‘ಒಬಾ’ ಎಂದು ಬರೆಯಿರಿ, ಮೊದಲ ಸಲ ‘ಒಬಾ (ಅರಸ)’ ಎಂದರೆ ಆಯಿತು.

ಇನ್ನು ಲೋಹ. ಪ.ರಾ. ಮೇಡಂ, ‘ಕಂಚು’ ಹಾಕಬೇಡಿ. ಕಂಚೆಂದರೆ ತಾಮ್ರ ಮತ್ತು ತವರ, ಹಿತ್ತಾಳೆಯೆಂದರೆ ತಾಮ್ರ ಮತ್ತು ಸತು. ಬೆನಿನ್ನಿನ ಎರಕಗಳಲ್ಲಿ ಹೆಚ್ಚಿನವು ಸೀಸ ಬೆರೆತ ಹಿತ್ತಾಳೆ, ತವರದ ಕಂಚು ಕಡಿಮೆ. ‘ಬ್ರಾಂಜ್’ ಎಂಬುದು ಯುರೋಪಿನ ಮ್ಯೂಸಿಯಂಗಳು ಅಂಟಿಸಿ ರೂಢಿಯಾದ ಹೆಸರು. ಅದೇ ಹೆಸರಿನಡಿ ದಂತ, ಹವಳ, ಮರದ ವಸ್ತುಗಳನ್ನೂ ತುಂಬುತ್ತಾರೆ. ದಂತದ ಮುಖವಾಡದ ಕೆಳಗೆ ‘ಬೆನಿನ್ ಕಂಚು’ ಎಂದು ಬರೆದರೆ ನಗೆಪಾಟಲು.

ಲೋಹ ಬಂದದ್ದು ಬಹುಪಾಲು ಪೋರ್ಚುಗೀಸ್ ಹಡಗುಗಳಲ್ಲಿ, ‘ಮನಿಲ್ಲಾ’ ಎಂಬ ಕುದುರೆಲಾಳದಾಕಾರದ ಬಳೆಗಳಾಗಿ. ಅವುಗಳಲ್ಲಿ ಬಹಳಷ್ಟರ ಹಿತ್ತಾಳೆ ಜರ್ಮನಿಯ ರೈನ್‌ಲ್ಯಾಂಡಿನದು. ಬಳೆ ಹಣವಾಗಿಯೂ ಚಲಾವಣೆಯಾಯಿತು, ಮೂಸೆಗೂ ಬಿತ್ತು. (ಬೆನಿನ್ನಿನಲ್ಲಿ ನಡೆಯುತ್ತಿದ್ದ ಇನ್ನೊಂದು ಹಣ ಕವಡೆ, ಅದು ಹೋಗುತ್ತಿದ್ದದ್ದು ನಮ್ಮ ಕಡಲಾಚೆಯ ಮಾಲ್ಡೀವ್ಸಿನಿಂದ. ಅದನ್ನು ಮಾತ್ರ ಅನುವಾದಿಸುವ ಕಷ್ಟವಿಲ್ಲ.)

‘ತಗಡು’ ಪೂರ್ತಿ ತಪ್ಪು. ತಗಡು ಬಡಿದು ಮಾಡಿದ್ದು, ಇವು ಎರೆದವು. ‘ಎರಕದ ಉಬ್ಬುಫಲಕ’ ಎನ್ನಿ, ಬೋರ್ಡಿಗೆ ‘ಮಾಹಿತಿ ಪಟ್ಟಿ’ ಎನ್ನಿ. 16–17ನೇ ಶತಮಾನದಲ್ಲಿ ಇವನ್ನು ಅರಮನೆಯ ಕಂಬಗಳಿಗೆ ಹೊಡೆಯುತ್ತಿದ್ದರು. ಅಂಚಿನ ಮೊಳೆ ತೂತುಗಳು ಫೋಟೋದಲ್ಲೇ ಕಾಣುತ್ತವೆ. ಹಿನ್ನೆಲೆ ತುಂಬ ಗೀರಿದ ನಾಲ್ಕೆಸಳಿನ ವಿನ್ಯಾಸ ‘ಹೂವಿನ ಬಳ್ಳಿ’ ಅಲ್ಲ, ಅದು ‘ನದಿಯ ಎಲೆ’. ನೀರಿನ ದೈವ ಒಲೊಕುನ್‌ಗೆ ಸೇರಿದ್ದು.

ಗೋ.ಭ.:
ಲೋಕರೂಢಿಯಲ್ಲಿ ‘ಕಂಚಿನ ಪ್ರತಿಮೆ’ ಎನ್ನುತ್ತೇವೆ. ಯಾರೂ ತವರ ಅಳೆದು ನೋಡಿ ಹೇಳುವುದಿಲ್ಲ. ‘ಹಿತ್ತಾಳೆ’ ಎಂದರೆ ಓದುಗ ಕೊಡಪಾನ ನೆನೆಯುತ್ತಾನೆ. ಘನತೆ ಬೇಡವೆ?

ಹ.ಶಿ.:
ಕೊಡಪಾನಕ್ಕೆ ಏನು ಕಡಿಮೆ? ಹಿತ್ತಾಳೆ ಅಚ್ಚ ದ್ರಾವಿಡ ಪದ. ತಮಿಳಿನ ಪಿತ್ತಳೈ, ತೆಲುಗಿನ ಇತ್ತಡಿ ನೋಡಿ. ನಮ್ಮಲ್ಲಿ ಪಕಾರ ಹಕಾರವಾಯಿತು.

ಗೋ.ಭ.:
ಸಂಸ್ಕೃತದ ‘ಪಿತ್ತಲ’ವನ್ನು ಮರೆತಿರಿ. ಮಹಾಪ್ರಾಣ ನುಂಗಿ ಬರೆಯುವವರಿಗೆ ಅರ್ಧ ಪದಕೋಶವೇ ಕಾಣುವುದಿಲ್ಲ.

ಹ.ಶಿ.:
ಪಿತ್ತಲ ಅತ್ತ ಹೋದದ್ದು ಇಲ್ಲಿಂದಲೇ ಯಾಕಾಗಬಾರದು? ‘ಪಿತ್ತಲ’ದಲ್ಲಿ ಮಹಾಪ್ರಾಣ ಎಲ್ಲಿದೆ ತೋರಿಸಿ.

ಮಾ.ವೆಂ.:
ಇಬ್ಬರೂ ಬೇರೆ ಎಳೆ ಶುರುಮಾಡಿಕೊಳ್ಳಿ. ಹಿತ್ತಾಳೆ ಎನ್ನುವುದಕ್ಕೆ ವ್ಯುತ್ಪತ್ತಿಯಲ್ಲ ಕಾರಣ, ಕುಲುಮೆಯಲ್ಲಿ ಅದು ಬೇರೆ ಥರ ನಡೆದುಕೊಳ್ಳುತ್ತದೆ. ಸತು 907 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುತ್ತದೆ, ತಾಮ್ರ ಕರಗುವುದು 1,085ಕ್ಕೆ. ಹಿತ್ತಾಳೆಯನ್ನು ಹೆಚ್ಚು ಕಾಯಿಸಿದರೆ ಬಿಳಿ ಹೊಗೆಯಾಗಿ ಸತು ಹಾರಿಹೋಗುತ್ತದೆ. ಮತ್ತೆ ಮತ್ತೆ ಕರಗಿಸಿದಷ್ಟೂ ಅದು ತಾಮ್ರದ ಕಡೆಗೇ ಸರಿಯುತ್ತದೆ. ಸೀಸವಿದ್ದರೆ ಲೋಹ ಸಲೀಸಾಗಿ ಹರಿದು ಸಣ್ಣ ಗೀರುಗಳಿಗೂ ಇಳಿಯುತ್ತದೆ.

‘ಮೇಣದೆರಕ’ಕ್ಕೆ ನನ್ನ ಒಪ್ಪಿಗೆಯಿದೆ, ಹ.ಶಿ. ಹೇಳಿದ ಕಾರಣಕ್ಕಲ್ಲ. ‘ಕಳೆದುಹೋದ’ ಎಂದರೆ ಎಲ್ಲೋ ಬಿದ್ದುಹೋಯಿತು ಎಂದಾಗುತ್ತದೆ. ಇಲ್ಲಿ ಮೇಣವನ್ನು ಬೇಕೆಂದೇ ಕರಗಿಸಿ ಹೊರಬಿಡುತ್ತಾರೆ. ವಿವರಣೆಗೆ ಜಾಗವಿದ್ದರೆ ಕ್ರಮ ಹೀಗೆ: ತಲೆಯ ಪ್ರತಿಮೆಯಾದರೆ ಮೊದಲು ಒಳಮಣ್ಣಿನ ಗುಂಡು, ಅದರ ಮೇಲೆ ಒಂದೇ ದಪ್ಪಕ್ಕೆ ಮೇಣದ ಹೊದಿಕೆ. ಕಣ್ಣು, ಕೊರಳ ತುಂಬ ಹವಳದ ಸರ, ಎಲ್ಲವನ್ನೂ ಮೇಣದಲ್ಲೇ ತಿದ್ದಬೇಕು. ಆಮೇಲೆ ಮೇಣದ ಕಡ್ಡಿಗಳನ್ನು ಅಂಟಿಸುತ್ತಾರೆ, ಕೆಲವು ಲೋಹ ಇಳಿಯುವ ದಾರಿಗೆ, ಕೆಲವು ಗಾಳಿ ಹೊರಡುವುದಕ್ಕೆ. ಸೋಸಿದ ನುಣುಪು ಮಣ್ಣಿನ ತೆಳು ಲೇಪವನ್ನು ಒಂದರ ಮೇಲೊಂದು, ಪ್ರತಿ ಸಲ ಆರಿಸಿ ಬಳಿಯಬೇಕು. ಒರಟು ಮಣ್ಣು ಕೊನೆಗೆ. ಒಳಮಣ್ಣು ಅಲುಗದಂತೆ ಲೋಹದ ಮೊಳೆ ಚುಚ್ಚುತ್ತಾರೆ. ಮೇಣ ಹೋದ ಮೇಲೆ ಅದನ್ನು ಹಿಡಿದಿಡುವುದು ಆ ಮೊಳೆಗಳೇ. ಅದು ಜರುಗಿದರೆ ಒಂದು ಕೆನ್ನೆ ದಪ್ಪ, ಇನ್ನೊಂದು ಕೆನ್ನೆಯಲ್ಲಿ ತೂತು. ಅಚ್ಚಿನಲ್ಲಿ ಪಸೆ ಉಳಿದಿದ್ದರೆ ಆವಿಯೆದ್ದು ಲೋಹ ಸಿಡಿಯುತ್ತದೆ. ಅಚ್ಚು ತಣ್ಣಗಿದ್ದರೆ ಲೋಹ ಅಂಚು ಮುಟ್ಟುವ ಮೊದಲೇ ಗಟ್ಟಿಯಾಗುತ್ತದೆ. ಹಾಗೆ ಉಳಿದ ತೂತಿಗೆ ಮತ್ತೆ ಲೋಹ ಎರೆದು ತೇಪೆ ಹಾಕಿದ ಗುರುತು ಬೆನಿನ್ ಎರಕಗಳಲ್ಲಿ ಇವೆ. ಲೆಕ್ಕ ಕೇಳಿದರೆ, ಒಂದು ಕಿಲೋ ಜೇನುಮೇಣದ ಜಾಗ ತುಂಬಲು ಸುಮಾರು ಒಂಬತ್ತು ಕಿಲೋ ಹಿತ್ತಾಳೆ ಬೇಕು. ಕಡ್ಡಿಗಳ ಮೇಣವನ್ನೂ ತೂಕಕ್ಕೆ ಸೇರಿಸಿಕೊಳ್ಳಿ.

ಪ.ರಾ.:
ಸಾರ್, ತುಂಬಾ ಉಪಕಾರವಾಯಿತು. ಇನ್ನೆರಡು. ಎರಕದವರ ‘ಗಿಲ್ಡ್’ ಇಗುನ್ ಎರೊನ್‌ಮ್ವೊನ್‌ಗೆ ಏನು? ‘ಪಾಂಚಾಳರು’ ಎಂದು ಒಬ್ಬರು ಸೂಚಿಸಿದ್ದಾರೆ. ಒಬಾ ಎಸಿಗೀಯ ತಾಯಿ ಇದಿಯಾಳ ಬಿರುದು ‘ಇಯೊಬಾ’ಗೆ?

ಮಾ.ವೆಂ.:
ಪಾಂಚಾಳ ಬೇಡ, ಅದು ನಮ್ಮ ಸಮಾಜದ ಹೆಸರು, ಕಮ್ಮಾರ ಬಡಗಿಗಳೂ ಬರುತ್ತಾರೆ. ಇಗುನ್‌ನವರು ಅರಸನಿಗೆ ಬದ್ಧರಾದ ಎರಕದವರು ಮಾತ್ರ. ದಂತ ಮತ್ತು ಮರ ಕೆತ್ತುವವರದ್ದು ಇಗ್ಬೆಸನ್‌ಮ್ವಾನ್ ಎಂಬ ಬೇರೆಯೇ ಕೂಟ. ‘ಅರಮನೆಯ ಎರಕಗಾರರ ಕೂಟ’ ಸಾಕು. ಇಯೊಬಾಗೆ ‘ರಾಜಮಾತೆ’. ಅದು ಬರೀ ನಂಟಸ್ತಿಕೆಯಲ್ಲ, ಪದವಿ. ಎಸಿಗೀ ತನ್ನ ತಾಯಿಗಾಗಿಯೇ ಅದನ್ನು ಹುಟ್ಟುಹಾಕಿದ ಎಂಬುದು ಎಡೊ ಪರಂಪರೆಯ ಮಾತು.

ಗೋ.ಭ.:
ರಾಜಮಾತೆ ಸಂಸ್ಕೃತ. ಹ.ಶಿ.ಗೆ ಜ್ವರ ಬರಬಹುದು. 1897ಕ್ಕೆ ‘ದಂಡಯಾತ್ರೆ’ ಹಾಕಿ. ದಂಡು ಎಂಬ ಅರ್ಥವೂ ಬರುತ್ತದೆ, ದಂಡನೆಯೂ ಬರುತ್ತದೆ.

ಹ.ಶಿ.:
ಬಂದವರು ಅರಮನೆ ಸುಟ್ಟು ಸಾವಿರಾರು ವಸ್ತು ಹೊತ್ತುಕೊಂಡು ಹೋದರು. ಅದು ಯಾತ್ರೆಯೇ? ‘ಕೊಳ್ಳೆ’ ಎನ್ನಿ.

ಸ.ದೇ.:
ಈ ಗುಂಪಿನಲ್ಲಿ ಯಾರಾದರೂ ‘ಲೂಟಿ’ ಎನ್ನಬಹುದೆಂದು ಕಾಯುತ್ತಿದ್ದೆ. ಅದನ್ನು ಇಂಗ್ಲಿಷಿನವರೇ ಹಿಂದಿಯಿಂದ ಎರವಲು ಪಡೆದು ಇಟ್ಟುಕೊಂಡಿದ್ದಾರೆ. ಲೂಟಿ ಮಾಡಿದವರಿಗೇ ಪರಭಾಷೆಯ ಪದ ಆಗುತ್ತದೆ, ನಮಗೆ ಮಾತ್ರ ಮೈಲಿಗೆ.

ಹ.ಶಿ.:
ಕನ್ನಡದಲ್ಲಿ ಕೊಳ್ಳೆ, ಸುಲಿಗೆ ಎರಡೂ ಇರುವಾಗ ಹಿಂದಿ ಯಾಕೆ ಬೇಕು? ಹೀಗೆ ಒಂದೊಂದೇ ಪದ ಬಿಟ್ಟುಕೊಟ್ಟೇ ಈ ಗತಿ.

ಮಾ.ವೆಂ.:
ಎರಡು ಸಂಗತಿ ಬೆರೆಸುತ್ತಿದ್ದೀರಿ. ‘ಪ್ಯುನಿಟಿವ್’ ಎಂಬುದು ಬ್ರಿಟಿಷರು ತಾವೇ ಇಟ್ಟುಕೊಂಡ ಸಮರ್ಥನೆ. ಆ ಜನವರಿಯಲ್ಲಿ ಫಿಲಿಪ್ಸ್ ಎಂಬ ಅಧಿಕಾರಿಯ ತಂಡ ದಾರಿಯಲ್ಲಿ ಹತವಾಯಿತು, ಅದಕ್ಕೆ ‘ದಂಡನೆ’ ಎಂದು ಫೆಬ್ರವರಿಯಲ್ಲಿ ಸೇನೆ ಬಂತು. ‘ದಂಡಯಾತ್ರೆ’ ಅಂದರೆ ಅವರ ಮಾತನ್ನು ನಾವೇ ಒಪ್ಪಿದಂತೆ. ‘ಬ್ರಿಟಿಷ್ ಸೇನೆಯ ದಾಳಿ’ ಎನ್ನಿ, ವಸ್ತುಗಳು ಹೋದದ್ದಕ್ಕೆ ‘ಕೊಳ್ಳೆ’ಯೋ ‘ಲೂಟಿ’ಯೋ ಸಾಲಿನಲ್ಲಿ ಕೂರುವುದನ್ನು ಹಾಕಿ. ಆಗಿನ ಒಬಾ ಒವೊನ್‌ರಾಮ್ವೆನ್‌ನನ್ನು ನೈಜೀರಿಯಾದ ಕಲಬಾರ್ ಪಟ್ಟಣಕ್ಕೆ ಗಡೀಪಾರು ಮಾಡಿದರು, 1914ರಲ್ಲಿ ಅಲ್ಲೇ ತೀರಿಕೊಂಡ. ‘ಪದಚ್ಯುತ’ ಎಂದಷ್ಟೇ ಬರೆದರೆ ಈ ಗಡೀಪಾರು ಕಾಣುವುದಿಲ್ಲ.

ಪ.ರಾ.:
ಹೀಗೆ ಕಳಿಸುತ್ತಿದ್ದೇನೆ. ಶೀರ್ಷಿಕೆ: ‘ಬೆನಿನ್ ಅರಮನೆಯ ಕಲೆ’. ಕೆಳಗೆ: ‘ಅರಸ (ಒಬಾ) ಮತ್ತು ಪರಿವಾರ. ಹಿತ್ತಾಳೆ, ಮೇಣದೆರಕದ ಉಬ್ಬುಫಲಕ, 16–17ನೇ ಶತಮಾನ. 1897ರ ಬ್ರಿಟಿಷ್ ದಾಳಿಯಲ್ಲಿ ಕೊಳ್ಳೆಯಾದದ್ದು.’ ತಲೆಯ ಪ್ರತಿಮೆಗೆ: ‘ಹಿಂದಿನ ಅರಸನ ನೆನಪಿಗೆ ಪೀಠದ ಮೇಲಿಡುತ್ತಿದ್ದ ಹಿತ್ತಾಳೆಯ ತಲೆ. ನೆತ್ತಿಯ ಭಾಗ ಒಡೆದಿದೆ.’

ಮಾ.ವೆಂ.:
ಒಡೆದಿಲ್ಲ! ಆ ತೂತು ಬಿಟ್ಟದ್ದೇ ಕೆತ್ತಿದ ಆನೆದಂತ ನಿಲ್ಲಿಸುವುದಕ್ಕೆ. ‘ನೆತ್ತಿಯ ತೂತಿನಲ್ಲಿ ದಂತ ನಿಲ್ಲಿಸುತ್ತಿದ್ದರು’ ಎಂದು ತಿದ್ದಿ ಕಳಿಸಿ.

ಗೋ.ಭ.:
‘ತೂತು’ ಗ್ರಾಮ್ಯ. ‘ರಂಧ್ರ’.